ಒಂದು ವರ್ಷ ನಾನು ಸುಮ್ಮನಿದ್ದರೆ ಬಿಟ್‌ಕಾಯಿನ್ ತಾನಾಗಿ ಮನೆಯವರ ಕೈಸೇರುತ್ತದಾ?

ಪ್ರಶ್ನೆ: ನನಗೆ 43 ವರ್ಷ. ಗಂಗಾವತಿಯಲ್ಲಿ ಅಕ್ಕಿ ವ್ಯಾಪಾರ. 2020ರಿಂದ ಆಗಾಗ ಬಿಟ್‌ಕಾಯಿನ್ ತಗೊಂಡು ಹಾರ್ಡ್‌ವೇರ್ ವಾಲೆಟ್ ಅನ್ನೋ ಪೆನ್‌ಡ್ರೈವ್‌ನಂಥ ಸಣ್ಣ ಸಾಧನದಲ್ಲಿ ಇಟ್ಟಿದ್ದೇನೆ. ಸ್ವಲ್ಪ ಈಥರ್ ಇದೆ, ಅದೂ ಒಂದು ಕ್ರಿಪ್ಟೋ. ಕ್ರಿಪ್ಟೋ ಕೊಳ್ಳೋ ಮಾರೋ ಒಂದು ಎಕ್ಸ್‌ಚೇಂಜ್‌ನಲ್ಲೂ ಒಂದಿಷ್ಟು ಇದೆ. ಹೋದ ತಿಂಗಳು ನಮ್ಮ ಪಕ್ಕದ ಅಂಗಡಿಯವರು ಇದ್ದಕ್ಕಿದ್ದಂತೆ ತೀರಿಕೊಂಡರು. ಅವರ ಫೋನ್ ಲಾಕ್ ತೆಗೆಯೋಕೆ ಮನೆಯವರಿಗೆ ಇವತ್ತಿಗೂ ಆಗಿಲ್ಲ. ಅದನ್ನು ನೋಡಿ ನನಗೆ ಭಯವಾಗಿದೆ. ನನ್ನ ಹೆಂಡತಿಗೆ ಫೋನ್‌ಪೇ ಬಿಟ್ಟರೆ ಬೇರೇನೂ ಗೊತ್ತಿಲ್ಲ. ಅವ್ವ ಇದ್ದಾರೆ, ಇಬ್ಬರು ಮಕ್ಕಳು ಇನ್ನೂ ಓದುತ್ತಿದ್ದಾರೆ. ನಾನು ಒಂದು ವರ್ಷ ವಾಲೆಟ್ ಮುಟ್ಟದಿದ್ದರೆ ಎಲ್ಲ ತಾನಾಗಿ ಹೆಂಡತಿಗೆ ಹೋಗುವ ಹಾಗೆ ಕೋಡ್ ಹಾಕಿಡಬಹುದಂತೆ. ಹಾಕಿಸಿಬಿಡಲಾ? ಹಾಗೆ ಮಾಡಿದರೆ ಉಯಿಲು ಗಿಯಿಲು ಬೇಕಾಗಲ್ಲ ಅಲ್ವಾ?

ಉತ್ತರ: ಬಿಟ್‌ಕಾಯಿನ್‌ಗೆ ಹಾಕಿಸಿ. ಈಥರ್‌ಗೆ ಬೇಡ. ಎಕ್ಸ್‌ಚೇಂಜ್‌ನಲ್ಲಿ ಇರೋದಕ್ಕೆ ಹಾಕೋಕೆ ಆಗೋದೇ ಇಲ್ಲ. ಉಯಿಲು ಬೇಕೇ ಬೇಕು.

ಮೊದಲು ಈ 'ತಾನಾಗಿ' ಅನ್ನೋ ಮಾತನ್ನು ಸ್ವಲ್ಪ ಬಿಚ್ಚಿ ನೋಡೋಣ. ಹೊಲದ ವಿಷಯದಲ್ಲಿ ಏನಾಗುತ್ತದೆ ನಿಮಗೆ ಗೊತ್ತು. ಯಜಮಾನರು ತೀರಿಕೊಂಡರೆ ಮರಣ ಪ್ರಮಾಣ ಪತ್ರ, ವಂಶವೃಕ್ಷ ಕೊಟ್ಟು ಪೌತಿ ಖಾತೆಗೆ ಅರ್ಜಿ ಹಾಕುತ್ತೀರಿ. ಗ್ರಾಮ ಆಡಳಿತಾಧಿಕಾರಿ ವಿಚಾರಿಸುತ್ತಾರೆ, ಯಾರದಾದರೂ ತಕರಾರಿದ್ದರೆ ಹೇಳೋಕೆ ಅವಕಾಶ ಇರುತ್ತದೆ. ಸಾವು ನಿಜ ಅಂತ ಒಬ್ಬ ಮನುಷ್ಯ ಖಾತ್ರಿ ಮಾಡಿಕೊಳ್ಳುತ್ತಾನೆ. ಕೋಡ್‌ಗೆ ಅದು ಯಾವುದೂ ಇಲ್ಲ. ಅದಕ್ಕೆ ಸಾವು ಗೊತ್ತಾಗಲ್ಲ, ನೀವು ಸುಮ್ಮನಿರೋದು ಮಾತ್ರ ಗೊತ್ತಾಗುತ್ತದೆ. ಎಲ್ಲ 'ಸ್ವಯಂಚಾಲಿತ ವಾರಸು' ವ್ಯವಸ್ಥೆಗಳೂ ಅಳೆಯೋದು ಇದೊಂದನ್ನೇ, ಎಷ್ಟು ದಿನದಿಂದ ಸದ್ದಿಲ್ಲ ಅನ್ನೋದನ್ನು.

ಎಡವಟ್ಟು ಶುರುವಾಗೋದು ಇಲ್ಲೇ. ಗೂಗಲ್‌ನಲ್ಲಿ 2013ರಿಂದ ಇನ್‌ಆಕ್ಟಿವ್ ಅಕೌಂಟ್ ಮ್ಯಾನೇಜರ್ ಅನ್ನೋ ಒಂದು ಸೌಲಭ್ಯ ಇದೆ. ನೀವು 3, 6, 12 ಅಥವಾ 18 ತಿಂಗಳು ಖಾತೆ ಬಳಸದಿದ್ದರೆ ನೀವು ಹೇಳಿದವರಿಗೆ ಮೇಲ್ ಹೋಗುತ್ತದೆ. 10 ಜನರವರೆಗೆ ಹೆಸರು ಕೊಡಬಹುದು. ಒಳ್ಳೆಯ ಸೌಲಭ್ಯ, ಇವತ್ತೇ ಮಾಡಿಡಿ. ಆದರೆ ನಮ್ಮ ಮನೆಗಳಲ್ಲಿ ಏನು ಮಾಡುತ್ತಾರೆ ಹೇಳಿ? ತೀರಿಕೊಂಡವರ ಫೋನನ್ನು ಆಫ್ ಮಾಡೋದಿಲ್ಲ. ಬ್ಯಾಂಕಿನ ಓಟಿಪಿ ಬರುತ್ತದೆ, ಬಾಕಿ ಕೊಡಬೇಕಾದವರು ಫೋನ್ ಮಾಡುತ್ತಾರೆ ಅಂತ ಚಾರ್ಜ್ ಹಾಕಿ ಇಟ್ಟಿರುತ್ತಾರೆ. ಅದೇ ಫೋನ್‌ನಲ್ಲಿ ಮಗ ಯೂಟ್ಯೂಬ್ ನೋಡುತ್ತಾನೆ. ಗೂಗಲ್ ಲೆಕ್ಕದಲ್ಲಿ ನೀವು ದಿನಾ ಬದುಕಿರುತ್ತೀರಿ. ಗಡಿಯಾರ ಶುರುವಾಗೋದೇ ಇಲ್ಲ.

ಇದರ ಉಲ್ಟಾನೂ ಆಗುತ್ತದೆ. ಸಿಮ್ ಹಾಗೇ ಬಿಟ್ಟರೆ 90 ದಿನ ಬಳಕೆ ಇಲ್ಲದ ಪ್ರೀಪೇಯ್ಡ್ ನಂಬರನ್ನು ಕಂಪನಿ ನಿಲ್ಲಿಸಬಹುದು. ಸ್ವಲ್ಪ ದಿನ ಬಿಟ್ಟು ಅದೇ ನಂಬರ್ ಬೇರೆ ಯಾರಿಗೋ ಹೋಗುತ್ತದೆ. ನಿಮ್ಮ ಎಕ್ಸ್‌ಚೇಂಜ್‌ನ ಓಟಿಪಿ ಆಮೇಲೆ ಯಾವುದೋ ಊರಿನ ಅಪರಿಚಿತರ ಫೋನಿಗೆ ಬರುತ್ತದೆ. ಅದಕ್ಕೇ ಮನೆಯವರಿಗೆ ಅಂತ ನೀವು ಒಂದು ಪತ್ರ ಬರೆದಿಡಬೇಕು, ಅದರ ಮೊದಲ ಸಾಲು ವಾಲೆಟ್‌ದಲ್ಲ, 'ನನ್ನ ಸಿಮ್‌ಗೆ ಎರಡು ವರ್ಷ ರೀಚಾರ್ಜ್ ಮಾಡಿಸುತ್ತಿರಿ' ಅನ್ನೋದು.

ಈಗ ಬಿಟ್‌ಕಾಯಿನ್‌ಗೆ ಬರೋಣ. ಇಲ್ಲಿ ನೀವು ಕೇಳಿಸಿಕೊಂಡದ್ದು ನಿಜ. ಬಿಟ್‌ಕಾಯಿನ್ ಒಳಗೇ ಟೈಮ್‌ಲಾಕ್ ಅನ್ನೋ ಏರ್ಪಾಡಿದೆ. ಇಂಥ ದಿನದವರೆಗೆ ಅಂತ ಬೀಗ ಹಾಕೋದು 2015ರ ಕೊನೆಗೆ ಬಂತು. ಕಾಯಿನ್ ಕೊನೆಯ ಸಲ ಕದಲಿದ ಮೇಲೆ ಇಷ್ಟು ಕಾಲ ಅಂತ ಬೀಗ ಹಾಕೋದು 2016ರಲ್ಲಿ ಬಂತು. ನಿಮಗೆ ಬೇಕಾದ್ದು ಎರಡನೆಯದು. ಲಿಯಾನಾ ಅನ್ನೋ ವಾಲೆಟ್ ಇದನ್ನೇ ಮಾಡುತ್ತದೆ. ಒಂದು ಮನೆಗೆ ಎರಡು ಬಾಗಿಲು ಇದ್ದ ಹಾಗೆ ಅಂದುಕೊಳ್ಳಿ. ಮುಂಬಾಗಿಲ ಕೀಲಿ ನಿಮ್ಮದು, ಯಾವಾಗ ಬೇಕಾದರೂ ತೆಗೆಯಬಹುದು. ಹಿಂಬಾಗಿಲ ಕೀಲಿ ನಿಮ್ಮ ಮನೆಯವರದು, ಅಂದರೆ ಹೆಂಡತಿಯದು. ಕಾಯಿನ್ ಇಷ್ಟು ಕಾಲ ಕದಲದೇ ಕೂತಿದ್ದರೆ ಮಾತ್ರ ಆ ಬಾಗಿಲು ತೆರೆಯುತ್ತದೆ.

ಗಡುವು ಮುಗಿದರೆ ಹಣ ತಾನಾಗಿ ಎಲ್ಲೂ ಹೋಗಲ್ಲ, ಇದನ್ನು ಗಟ್ಟಿಯಾಗಿ ನೆನಪಿಡಿ. ಹಿಂಬಾಗಿಲು ತೆರೆದುಕೊಳ್ಳುತ್ತದೆ, ಅಷ್ಟೇ. ಒಳಗೆ ಹೋಗಿ ತರಬೇಕಾದವರು ನಿಮ್ಮ ಮನೆಯವರೇ. ನೀವು ಬದುಕಿದ್ದು ಸುಮ್ನೆ ಮರೆತಿದ್ದರೂ ಗಾಬರಿ ಬೇಡ, ಮುಂಬಾಗಿಲು ಹಾಗೇ ಇರುತ್ತದೆ.

ಈ ಕಾಲವನ್ನು ಬ್ಲಾಕ್‌ಗಳಲ್ಲಿ, ಅಂದರೆ ಬಿಟ್‌ಕಾಯಿನ್ ಲೆಕ್ಕದ ಪುಸ್ತಕಕ್ಕೆ ಒಂದೊಂದಾಗಿ ಸೇರುವ ಪುಟಗಳಲ್ಲಿ, ಎಣಿಸುತ್ತಾರೆ. ಒಂದು ಬ್ಲಾಕ್‌ಗೆ ಸರಾಸರಿ 10 ನಿಮಿಷ. ವರ್ಷಕ್ಕೆ ಸುಮಾರು 52,560 ಬ್ಲಾಕ್. ಈ ವಿಧಾನದಲ್ಲಿ ಜಾಸ್ತಿ ಅಂದರೆ 65,535 ಬ್ಲಾಕ್ ಇಡಬಹುದು, ಅಂದರೆ ಸುಮಾರು 455 ದಿನ, 15 ತಿಂಗಳು. ಗಡಿಯಾರವನ್ನು ಮತ್ತೆ ಸೊನ್ನೆಗೆ ತರೋಕೆ ಕಾಯಿನ್‌ಗಳನ್ನು ನಿಮ್ಮಿಂದ ನಿಮಗೇ ಒಂದು ಸಲ ಕಳಿಸಿದರೆ ಸಾಕು. ನೆಟ್‌ವರ್ಕ್ ಶುಲ್ಕ ಮಾತ್ರ ಖರ್ಚು. ಬೇರೆ ಬೇರೆ ದಿನ ಬಂದ ಕಾಯಿನ್‌ಗಳಿಗೆ ಬೇರೆ ಬೇರೆ ಗಡಿಯಾರ ಓಡುತ್ತಿರುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಎಲ್ಲವನ್ನೂ ಒಟ್ಟಿಗೆ ಕದಲಿಸೋದು ಒಳ್ಳೆಯದು.

ನನಗೆ ಇದರಲ್ಲಿ ಹಿಡಿಸಿದ್ದು ಇನ್ನೊಂದು ವಿಷಯ. ಮನೆಯವರ ಕೀಲಿಯನ್ನು ಯಾರಾದರೂ ಇವತ್ತು ಕದ್ದರೂ ಏನೂ ಮಾಡೋಕಾಗಲ್ಲ. ಹಿಂಬಾಗಿಲು ಇನ್ನೂ ತೆರೆದಿಲ್ಲ. ಕೀಲಿ ಕಳುವಾಗಿದೆ ಅಂತ ನಿಮಗೆ ತಿಳಿದರೆ ಹೊಸ ವಾಲೆಟ್ ಮಾಡಿ ಕಾಯಿನ್ ಅಲ್ಲಿಗೆ ಹಾಕಿಕೊಂಡರಾಯಿತು. ಹಾಗಾಗಿ ಅವರ ಕೀಲಿಯ ಪದಗಳನ್ನು (ವಾಲೆಟ್ ಮಾಡುವಾಗ ಅದು ಕೊಡುವ 24 ಇಂಗ್ಲಿಷ್ ಪದ, ಅವಿದ್ದರೆ ಕೀಲಿಯನ್ನು ಮತ್ತೆ ಮಾಡಿಕೊಳ್ಳಬಹುದು) ಅವರ ತವರು ಮನೆಯಲ್ಲೋ ಬ್ಯಾಂಕ್ ಲಾಕರ್‌ನಲ್ಲೋ ಧೈರ್ಯವಾಗಿ ಇಡಬಹುದು. ನಿಮ್ಮ 24 ಪದಗಳನ್ನು ಭಾಮೈದನ ಕೈಗೆ ಕೊಟ್ಟು ರಾತ್ರಿ ನಿದ್ದೆಗೆಡೋದಕ್ಕಿಂತ ಇದು ಎಷ್ಟೋ ವಾಸಿ.

ಇಲ್ಲಿ ಜನ ಎಡವೋ ಜಾಗ ಒಂದಿದೆ. ಇಂಥ ಎರಡು ಬಾಗಿಲಿನ ವಾಲೆಟ್‌ಗೆ ಪದಗಳಷ್ಟೇ ಸಾಲದು. ಬಾಗಿಲುಗಳು ಹೇಗಿವೆ ಅಂತ ಹೇಳುವ ಡಿಸ್ಕ್ರಿಪ್ಟರ್ ಅನ್ನೋ ಒಂದು ಸಾಲು ಇರುತ್ತದೆ. ಅದಿಲ್ಲದೆ ಮನೆಯವರು ತಮ್ಮ ಪದಗಳನ್ನು ಹಾಕಿದರೆ ಖಾಲಿ ವಾಲೆಟ್ ಕಾಣುತ್ತದೆ. ಡಿಸ್ಕ್ರಿಪ್ಟರ್ ಬೇರೆಯವರಿಗೆ ಸಿಕ್ಕರೂ ಅದೊಂದರಿಂದ ಯಾರೂ ಹಣ ಕದಿಯೋಕಾಗಲ್ಲ, ಎಷ್ಟಿದೆ ಅಂತ ನೋಡಬಹುದು ಅಷ್ಟೇ. ಪ್ರಿಂಟ್ ತೆಗೆದು ಮೂರು ಕಡೆ ಇಡಿ, ಒಂದು ಪೆನ್‌ಡ್ರೈವ್‌ನಲ್ಲೂ ಇಡಿ. ಇನ್ನೊಂದು ವಿಷಯ: ಎಲ್ಲ ಹಾರ್ಡ್‌ವೇರ್ ವಾಲೆಟ್‌ಗಳೂ ಈ ಏರ್ಪಾಡನ್ನು ಒಪ್ಪಲ್ಲ. ನಿಮ್ಮ ಮಾದರಿ ಒಪ್ಪುತ್ತದಾ ಅಂತ ಮೊದಲು ನೋಡಿಕೊಳ್ಳಿ.

ಈಥರ್‌ಗೆ ಬೇಡ ಅಂದೆನಲ್ಲ, ಯಾಕೆ ಅಂದರೆ ಅಲ್ಲಿ ಇದೇ ಕೆಲಸಕ್ಕೆ ಸ್ಮಾರ್ಟ್ ಕಾಂಟ್ರಾಕ್ಟ್, ಅಂದರೆ ಆ ನೆಟ್‌ವರ್ಕ್ ಮೇಲೇ ಓಡುವ ಒಂದು ಕೋಡ್, ಬರೆಸಬೇಕು. 'ಇವರು 365 ದಿನ ಸದ್ದು ಮಾಡದಿದ್ದರೆ ಅವರು ತೆಗೆದುಕೊಳ್ಳಬಹುದು' ಅಂತ. ಆ ಕಾಂಟ್ರಾಕ್ಟ್ ಕೂಡ ತಾನಾಗಿ ಎಚ್ಚರ ಆಗಲ್ಲ. ದಿನ ತುಂಬಿದ ಮೇಲೆ ಯಾರಾದರೂ ಹೋಗಿ ತಟ್ಟಬೇಕು. ತಟ್ಟೋಕೆ ಶುಲ್ಕ ಕಟ್ಟಬೇಕು, ಆ ಶುಲ್ಕಕ್ಕೆ ಮನೆಯವರ ವಾಲೆಟ್‌ನಲ್ಲಿ ಮೊದಲೇ ಸ್ವಲ್ಪ ಈಥರ್ ಇರಬೇಕು. ಅದಕ್ಕಿಂತ ದೊಡ್ಡ ತೊಂದರೆ ಕೋಡ್‌ನ ತಪ್ಪುಗಳು. 2017ರ ನವೆಂಬರ್‌ನಲ್ಲಿ ಪ್ಯಾರಿಟಿ ಅನ್ನೋ ವಾಲೆಟ್‌ನ ಕಾಂಟ್ರಾಕ್ಟ್‌ನಲ್ಲಿದ್ದ ಒಂದು ಸಣ್ಣ ದೋಷದಿಂದ 5 ಲಕ್ಷ 13 ಸಾವಿರಕ್ಕೂ ಹೆಚ್ಚು ಈಥರ್ ಸಿಕ್ಕಿಹಾಕಿಕೊಂಡಿತು. ಅದನ್ನು ಬರೆದವರು ಆ ಕ್ಷೇತ್ರದ ಘಟಾನುಘಟಿಗಳು. ನಿಮ್ಮ 'ಸ್ವಲ್ಪ ಈಥರ್'ಗೆ ಬೆಂಗಳೂರಿನ ಯಾವುದೋ ಹುಡುಗನ ಹತ್ತಿರ ಕಾಂಟ್ರಾಕ್ಟ್ ಬರೆಸೋ ಉಸಾಬರಿ ಯಾಕೆ? ಅದರ ಪದಗಳನ್ನು ಒಂದು ಮುಚ್ಚಿದ ಲಕೋಟೆಯಲ್ಲಿ ಹಾಕಿ ಲಾಕರ್‌ನಲ್ಲಿಡಿ, ಸಾಕು.

ನೀವು ಇಂತಿಷ್ಟು ದಿನ ಉತ್ತರಿಸದಿದ್ದರೆ ನಿಮ್ಮ ಗುಟ್ಟನ್ನು ಮನೆಯವರಿಗೆ ಮೇಲ್ ಮಾಡುತ್ತೇವೆ ಅನ್ನೋ ಸೇವೆಗಳೂ ಇವೆ. ಪದಗಳನ್ನು ಅಂಥವರ ಕೈಗೆ ಕೊಡಬೇಡಿ. ನಿಮಗಿಂತ ಮುಂಚೆ ಆ ಕಂಪನಿಯೇ ತೀರಿಹೋಗಬಹುದು.

ಎಕ್ಸ್‌ಚೇಂಜ್‌ನಲ್ಲಿ ಇರೋದರ ಕಥೆ ಬೇರೆ. ಅಲ್ಲಿ ಕೀಲಿ ನಿಮ್ಮದಲ್ಲ, ಅವರದು. ಹಾಗಾಗಿ ನಿಮ್ಮ ಕೋಡ್ ಅದನ್ನು ಮುಟ್ಟಲ್ಲ. ಮನೆಯವರು ಮರಣ ಪ್ರಮಾಣ ಪತ್ರ, ವಾರಸುದಾರಿಕೆಯ ದಾಖಲೆ, ಕೆವೈಸಿ ಎಲ್ಲ ಕೊಟ್ಟು ಕೇಳಬೇಕು. ಈ ಮಾತು ಬಂದಾಗ ಕೆನಡಾದ ಕ್ವಾಡ್ರಿಗಾ ಎಕ್ಸ್‌ಚೇಂಜ್‌ನ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅದರ ಯಜಮಾನ ಜೆರಾಲ್ಡ್ ಕಾಟನ್ 2018ರ ಡಿಸೆಂಬರ್‌ನಲ್ಲಿ ನಮ್ಮ ಜೈಪುರದಲ್ಲಿ ತೀರಿಕೊಂಡ, ಪಾಸ್‌ವರ್ಡ್ ಅವನೊಬ್ಬನಿಗೇ ಗೊತ್ತಿತ್ತು, ಸಾವಿರಾರು ಜನರ ಹಣ ಅವನ ಜೊತೆಗೇ ಹೋಯಿತು ಅಂತ. ಕಥೆಯನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. 2020ರಲ್ಲಿ ಒಂಟಾರಿಯೋದ ನಿಯಂತ್ರಕರು ತನಿಖೆ ಮುಗಿಸಿ ಹೇಳಿದ್ದೇ ಬೇರೆ. ಅದು ಮೋಸ, ಅವನು ಬದುಕಿರುವಾಗಲೇ ಗ್ರಾಹಕರ ಹಣದ ಬಹುಪಾಲು ಖಾಲಿ ಮಾಡಿದ್ದ. ಪಾಸ್‌ವರ್ಡ್ ಸಿಕ್ಕಿದ್ದರೂ ಒಳಗೆ ಹೆಚ್ಚೇನೂ ಇರುತ್ತಿರಲಿಲ್ಲ. ಹಾಗಾಗಿ ಎಕ್ಸ್‌ಚೇಂಜ್‌ನಲ್ಲಿ ವ್ಯವಹಾರಕ್ಕೆ ಬೇಕಾದಷ್ಟು ಮಾತ್ರ ಇಡಿ, ಉಳಿದದ್ದನ್ನು ಈಚೆ ತನ್ನಿ.

ಇನ್ನು ಉಯಿಲು. ನಿಮಗೆ ಹಿಂದೂ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ, ಇದೆಲ್ಲ ನಿಮ್ಮ ಸ್ವಂತ ದುಡಿಮೆಯದು ಅಂತ ಇಟ್ಟುಕೊಂಡು ಹೇಳುತ್ತೇನೆ. ಉಯಿಲು ಇಲ್ಲದೆ ನೀವು ಹೋದರೆ 1956ರ ಆ ಕಾಯ್ದೆಯ ಪ್ರಕಾರ ಮೊದಲ ವರ್ಗದ ವಾರಸುದಾರರು ಹೆಂಡತಿ, ಅವ್ವ, ಇಬ್ಬರು ಮಕ್ಕಳು. ನಾಲ್ವರಿಗೂ ಸಮಪಾಲು. ಆದರೆ ನಿಮ್ಮ ಕೋಡ್ ಏನು ಮಾಡುತ್ತದೆ? ಪೂರ್ತಿ ಒಬ್ಬರ ಕೈಗೆ ಕೊಡುತ್ತದೆ. ಕೈಗೆ ಬಂದದ್ದು ಒಬ್ಬರಿಗೆ, ಹಕ್ಕು ನಾಲ್ವರಿಗೆ. ನಾಳೆ ನಿಮ್ಮ ತಮ್ಮನೋ ತಂಗಿಯೋ ಅವ್ವನ ಪರವಾಗಿ ನಿಂತು 'ಅವ್ವನ ಪಾಲು ಎಲ್ಲಿ' ಅಂತ ಕೇಳಿದರೆ ನಿಮ್ಮ ಮನೆಯವರ ಕೈಯಲ್ಲಿ ಉತ್ತರ ಇರಬೇಕು ಅಲ್ವಾ? ಆ ಉತ್ತರವೇ ಉಯಿಲು. ನಾಮಿನಿ ಇದ್ದರೆ ಸಾಕು ಅಂದುಕೊಳ್ಳೋದೂ ತಪ್ಪು. ಷೇರುಗಳಿಗೆ ಸಂಬಂಧಿಸಿ 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಮತ್ತೆ ಹೇಳಿದೆ. ನಾಮಿನಿ ಅಂದ ಮಾತ್ರಕ್ಕೆ ಮಾಲೀಕರಲ್ಲ, ವಾರಸುದಾರರ ಹಕ್ಕು ಹಾಗೇ ಇರುತ್ತದೆ.

ಈ ಉಯಿಲು ಕಾಗದದ ಮೇಲೇ ಇರಬೇಕು. ವಿಡಿಯೋ ಮಾಡಿಟ್ಟರೆ, ಆಧಾರ್ ಇ-ಸೈನ್ ಹಾಕಿದರೆ, ಬ್ಲಾಕ್‌ಚೈನ್ ಮೇಲೆ ಬರೆದರೆ ನಡೆಯಲ್ಲ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಉಯಿಲನ್ನು ತನ್ನ ವ್ಯಾಪ್ತಿಯಿಂದ ಹೊರಗೇ ಇಟ್ಟಿದೆ. ನೀವು ಸಹಿ ಹಾಕಬೇಕು, ಕನಿಷ್ಠ ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ಆಸ್ತಿ ಪಡೆಯುವವರು ಸಾಕ್ಷಿಗಳಾಗದಿದ್ದರೆ ಒಳ್ಳೆಯದು. ಇದಕ್ಕೆ ಸ್ಟ್ಯಾಂಪ್ ಡ್ಯೂಟಿ ಇಲ್ಲ. ನೋಂದಣಿ ಕಡ್ಡಾಯ ಅಲ್ಲ. ಆದರೂ ಉಪ ನೋಂದಣಾಧಿಕಾರಿ ಕಚೇರಿಗೆ ಹೋಗಿ ಮಾಡಿಸಿಬಿಡಿ. ಆಮೇಲೆ ಸಹಿ ಅವರದಲ್ಲ ಅನ್ನೋ ಜಗಳ ಕಡಿಮೆಯಾಗುತ್ತದೆ. 'ನನ್ನ ಎಲ್ಲ ಕ್ರಿಪ್ಟೋ ಮತ್ತು ಡಿಜಿಟಲ್ ಆಸ್ತಿ, ಅವು ಇರುವ ಸಾಧನಗಳ ಸಮೇತ, ಇಂಥವರಿಗೆ' ಅನ್ನೋ ಒಂದು ಸಾಲು ಸಾಕು. 24 ಪದಗಳನ್ನು ಮಾತ್ರ ಅದರಲ್ಲಿ ಬರೆಯಬೇಡಿ. ನೋಂದಣಿಯಾದ ಉಯಿಲಿನ ನಕಲನ್ನು ನಿಮ್ಮ ಕಾಲದ ನಂತರ ಯಾರು ಬೇಕಾದರೂ ಅರ್ಜಿ ಹಾಕಿ ಪಡೆಯಬಹುದು.

ಪದಗಳ ಮಾತು ಬಂತು, ಒಂದು ಘಟನೆ ಹೇಳುತ್ತೇನೆ. ಎರಡು ವರ್ಷದ ಹಿಂದೆ ಸಿಂಧನೂರು ಕಡೆಯ ಒಬ್ಬ ಹುಡುಗಿ ತಂದೆಯ ಹಳೇ ಡೈರಿ ತಂದಿದ್ದಳು. ಅಪ್ಪ ತುಂಬಾ ಜಾಣತನ ಮಾಡಿದ್ದರು. ಕಳ್ಳರಿಗೆ ಗೊತ್ತಾಗಬಾರದು ಅಂತ 24 ಇಂಗ್ಲಿಷ್ ಪದಗಳನ್ನೂ ಕನ್ನಡ ಅಕ್ಷರದಲ್ಲಿ, ಭತ್ತದ ಲೆಕ್ಕದ ನಡುವೆ ಬರೆದಿಟ್ಟಿದ್ದರು. ಹುಡುಕಿ ಒಂದೊಂದೇ ಹಾಕುತ್ತಾ ಹೋದೆವು. ಒಂದು ಕಡೆ 'ರೈಟ್' ಅಂತ ಇತ್ತು. ವಾಲೆಟ್‌ಗಳು ಬಳಸೋ 2048 ಪದಗಳ ಪಟ್ಟಿಯಲ್ಲಿ 'ಸರಿ' ಅನ್ನೋ ರೈಟೂ ಇದೆ, 'ಬರೆ' ಅನ್ನೋ ರೈಟೂ ಇದೆ. ಯಾವುದು? ಪುಣ್ಯಕ್ಕೆ ಕೊನೆಯ ಪದದೊಳಗೆ ತಾಳೆ ನೋಡುವ ಒಂದು ಲೆಕ್ಕ ಅಡಗಿರುತ್ತದೆ. ಯಾವುದೋ ಪದ ತಪ್ಪಾದರೆ 256ರಲ್ಲಿ 255 ಸಲ ವಾಲೆಟ್ ಒಪ್ಪೋದೇ ಇಲ್ಲ. ಮೊದಲ ರೈಟ್ ಒಪ್ಪಲಿಲ್ಲ, ಎರಡನೆಯದು ಒಪ್ಪಿತು. ಅಂಥ ಅನುಮಾನದ ಪದ ಐದಾರು ಇದ್ದಿದ್ದರೆ? ನಿಮ್ಮ ಜಾಣತನ ಕಳ್ಳರಿಗಿಂತ ಮೊದಲು ಮಕ್ಕಳಿಗೇ ತಿರುಗಿಕೊಳ್ಳುತ್ತದೆ. ಇಂಗ್ಲಿಷ್‌ನಲ್ಲೇ, ದೊಡ್ಡ ಅಕ್ಷರದಲ್ಲಿ, ಬಿಡಿಸಿ ಬರೆಯಿರಿ.

ಪದಗಳ ಜೊತೆಗೆ ಇನ್ನೊಂದು ಗುಪ್ತ ಪದ ಸೇರಿಸುವವರಿದ್ದಾರೆ, 25ನೇ ಪದ ಅಂತಾರೆ. ಅದನ್ನು ತಪ್ಪಾಗಿ ಹಾಕಿದರೆ 'ತಪ್ಪು' ಅಂತ ವಾಲೆಟ್ ಹೇಳಲ್ಲ, ಬೇರೆಯದೇ ಒಂದು ಖಾಲಿ ವಾಲೆಟ್ ತೋರಿಸುತ್ತದೆ. ಮನೆಯವರು 'ಏನೂ ಇರಲಿಲ್ಲ ಪಾಪ' ಅಂದುಕೊಂಡು ಬಿಟ್ಟುಬಿಡುತ್ತಾರೆ. ನೀವು ಅದನ್ನು ಹಾಕಿದ್ದರೆ ಅದಕ್ಕೂ ಒಂದು ಕಾಗದ ಬೇಕು, ಬೇರೆ ಜಾಗದಲ್ಲಿ.

ಕಾಗದ ನಮ್ಮ ಕಡೆ ಬಾಳಲ್ಲ. ಗೆದ್ದಲು ಇದೆ, ಮಳೆಗಾಲದಲ್ಲಿ ಗೋಡೆ ಕಪಾಟು ತೇವ ಹಿಡಿಯುತ್ತದೆ. ಸ್ಟೀಲ್ ತಟ್ಟೆಯ ಮೇಲೆ ಕೊರೆಸೋದು ವಾಸಿ. ಹಾಗಂತ ಪಾತ್ರೆ ಅಂಗಡಿಗೆ ಹೋಗಿ ಚೊಂಬಿನ ಮೇಲೆ ಹೆಸರು ಹಾಕಿಸಿದ ಹಾಗೆ ಹಾಕಿಸಿಕೊಂಡು ಬರಬೇಡಿ! ಒಬ್ಬರು ನನಗೆ ನಿಜವಾಗಿಯೂ ಅದನ್ನೇ ಮಾಡಿಸಿ ಹೆಮ್ಮೆಯಿಂದ ತೋರಿಸಿದ್ದರು. ಅವತ್ತು ಸಂಜೆಯೇ ಹೊಸ ವಾಲೆಟ್ ಮಾಡಿಸಿ ಕಾಯಿನ್ ಸಾಗಿಸಿದೆವು. ಹಾರ್ಡ್‌ವೇರ್ ಅಂಗಡಿಯಲ್ಲಿ ಕಬ್ಬಿಣದ ಅಕ್ಷರಗಳ ಪಂಚ್ ಸೆಟ್ ಸಿಗುತ್ತದೆ. ಆ ಪಟ್ಟಿಯಲ್ಲಿ ಪ್ರತಿ ಪದದ ಮೊದಲ ನಾಲ್ಕು ಅಕ್ಷರ ನೋಡಿದರೆ ಯಾವ ಪದ ಅಂತ ಗೊತ್ತಾಗಿಬಿಡುತ್ತದೆ. ಅಂದರೆ 24 ಪದಕ್ಕೆ ಜಾಸ್ತಿ ಅಂದರೆ 96 ಸಲ ಸುತ್ತಿಗೆ ಏಟು. ಒಂದು ಮಧ್ಯಾಹ್ನದ ಕೆಲಸ, ಬಾಗಿಲು ಹಾಕಿಕೊಂಡು ಮಾಡಿ.

ಇಷ್ಟೆಲ್ಲ ಕೋಡ್ ಇದ್ದ ಮೇಲೆ ಕಾಗದದ ಪತ್ರ ಯಾಕೆ ಅಂತ ಕೇಳಬೇಡಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಗೇಟಿನ ಚೈನ್ ತುಂಡಾದದ್ದು ಗಂಗಾವತಿಯವರಿಗೆ ನಾನು ಹೇಳಬೇಕಿಲ್ಲ. ಗೇಟ್ ಹೋದಾಗ ತಕ್ಷಣ ಇಳಿಸೋಕೆ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗದಲ್ಲಿ ನೀರು ತಡೆಯೋ ಅಡ್ಡ ತಡೆ, ತಯಾರಿರಲಿಲ್ಲ. ಮಾಡಿಸಿ ಇಳಿಸೋ ಹೊತ್ತಿಗೆ ಎಷ್ಟು ನೀರು ಹರಿದುಹೋಯಿತು, ಎರಡನೇ ಬೆಳೆ ಸಿಗುತ್ತದೋ ಇಲ್ಲವೋ ಅಂತ ಎಷ್ಟು ಜನ ತಲೆ ಮೇಲೆ ಕೈ ಹೊತ್ತು ಕೂತಿದ್ದರು, ನೀವೇ ನೋಡಿದ್ದೀರಿ. ಟೈಮ್‌ಲಾಕ್ ನಿಮ್ಮ ಗೇಟು. ಪತ್ರ ನಿಮ್ಮ ಸ್ಟಾಪ್‌ಲಾಗ್. ಅದು ಮೊದಲೇ ತಯಾರಿರಬೇಕು.

ಪತ್ರ ಕನ್ನಡದಲ್ಲೇ ಇರಲಿ, ಎರಡು ಪುಟ ಮೀರದಿರಲಿ. ಯಾವ ಸಾಧನ ಎಲ್ಲಿದೆ, ಅದರ ಪಿನ್ ಎಲ್ಲಿದೆ, ಡಿಸ್ಕ್ರಿಪ್ಟರ್ ಎಲ್ಲಿದೆ, ಯಾವ ಎಕ್ಸ್‌ಚೇಂಜ್, ಯಾವ ಮೇಲ್ ಐಡಿ. ಕಂಪ್ಯೂಟರ್ ಬಲ್ಲ ಒಬ್ಬರು, ಲೆಕ್ಕ ಬಲ್ಲ ಒಬ್ಬರು, ಯಾರನ್ನು ಕೇಳಬೇಕು. ಯಾರನ್ನು ಕೇಳಬಾರದು ಅನ್ನೋದನ್ನೂ ಬರೆಯಿರಿ. ಸಾವಿನ ಸುದ್ದಿ ಹರಡಿದ ಮೇಲೆ 'ಕ್ರಿಪ್ಟೋ ವಾಪಸ್ ತೆಗೆಸಿಕೊಡುತ್ತೇವೆ' ಅಂತ ಫೋನ್ ಮಾಡುವವರು ಸಿಕ್ಕೇ ಸಿಗುತ್ತಾರೆ. 24 ಪದ ಕೇಳಿದವನು ಯಾರೇ ಆಗಲಿ ಕಳ್ಳ ಅಂತ ದಪ್ಪ ಅಕ್ಷರದಲ್ಲಿ ಬರೆದಿಡಿ.

ಆಮೇಲೆ ಒಂದು ಭಾನುವಾರ ಪರೀಕ್ಷೆ ಮಾಡಿ. ಗಡುವನ್ನು ಒಂದು ದಿನಕ್ಕೆ, ಅಂದರೆ 144 ಬ್ಲಾಕ್‌ಗೆ ಇಟ್ಟು ಒಂದು ಪ್ರಯೋಗದ ವಾಲೆಟ್ ಮಾಡಿ. ಎರಡು ಮೂರು ಸಾವಿರದ ಬಿಟ್‌ಕಾಯಿನ್ ಹಾಕಿ. ಮರುದಿನ ಪತ್ರ ಮನೆಯವರ ಕೈಗೆ ಕೊಟ್ಟು ನೀವು ಅಂಗಡಿಗೆ ಹೊರಟುಬಿಡಿ. ಫೋನ್ ಮಾಡಿದರೆ ಎತ್ತಬೇಡಿ. ನಾನೂ ಇದನ್ನು ಮಾಡಿದೆ. ಕ್ರಿಪ್ಟೋ ಸಲಹೆ ಕೊಡೋದೇ ನನ್ನ ಕೆಲಸ, ನನ್ನ ಪತ್ರ ಮೊದಲ ಸಲವೇ ನಪಾಸಾಯಿತು. ಸಾಧನದ ಪಿನ್ ಬರೆಯೋದನ್ನೇ ಮರೆತಿದ್ದೆ. ನನ್ನ ಹೆಂಡತಿ ನನ್ನ ಹುಟ್ಟಿದ ವರ್ಷ ಹಾಕಿದಳು, ಮದುವೆ ವರ್ಷ ಹಾಕಿದಳು, ಮಗಳ ವರ್ಷ ಹಾಕಿದಳು. ಮೂರು ತಪ್ಪಿಗೆ ಸಾಧನ ತನ್ನನ್ನು ತಾನೇ ಅಳಿಸಿಕೊಂಡಿತು. ಅದು ಹಾಗೆ ಮಾಡಲೆಂದೇ ಮಾಡಿದ್ದು, ತಪ್ಪು ನನ್ನದು. ಸಂಜೆ ನಾನು ಬಂದಾಗ ಅವಳು ಅಂದದ್ದು, 'ಸದ್ಯ, ನೀವು ಇದ್ದೀರಲ್ಲ.'

ತೆರಿಗೆ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಉಯಿಲಿನಿಂದ ಅಥವಾ ವಾರಸಾಗಿ ಬಂದದ್ದಕ್ಕೆ ಪಡೆದವರು ತೆರಿಗೆ ಕಟ್ಟಬೇಕಿಲ್ಲ. ನಮ್ಮಲ್ಲಿ ಎಸ್ಟೇಟ್ ಡ್ಯೂಟಿ 1985ರಲ್ಲೇ ರದ್ದಾಗಿದೆ. ಆದರೆ ಮಾರಿದಾಗ ಲಾಭದ ಮೇಲೆ 30% ಮತ್ತು ಸೆಸ್ ಇದೆ, 1% ಟಿಡಿಎಸ್ ಇದೆ, ಎರಡೂ 2022ರಲ್ಲಿ ಬಂದವು. ಆ ಲೆಕ್ಕದಲ್ಲಿ ಕಳೆಯೋಕೆ ಬಿಡೋದು ಕೊಂಡ ಬೆಲೆಯೊಂದನ್ನೇ. 2020ರಿಂದ ನೀವು ಯಾವಾಗ ಎಷ್ಟಕ್ಕೆ ಕೊಂಡಿರಿ ಅನ್ನೋ ಪಟ್ಟಿ ಎಕ್ಸ್‌ಚೇಂಜ್‌ನಿಂದ ಇಳಿಸಿ ಪ್ರಿಂಟ್ ತೆಗೆದು ಪತ್ರದ ಜೊತೆ ಇಡಿ. ಎಕ್ಸ್‌ಚೇಂಜ್ ಮುಚ್ಚಿದ ಮೇಲೆ ಅದನ್ನು ಯಾರೂ ಕೊಡಲ್ಲ.

ಕೊನೆಗೆ ನೀವು ಹೇಳಿದ ಒಂದು ವರ್ಷದ ಗಡುವು. ಅದು ನಿಮಗೆ ಸಾಲಲ್ಲ. ಗಡಿಯಾರ ಸೊನ್ನೆಗೆ ತರೋ ಕೆಲಸಕ್ಕೆ ನಾನು ಎಲ್ಲರಿಗೂ ಆಯುಧ ಪೂಜೆಯ ದಿನವನ್ನೇ ಹೇಳೋದು. ಅವತ್ತು ಹೇಗೂ ತಕ್ಕಡಿ, ಗಾಡಿ, ಲೆಕ್ಕದ ಕಂಪ್ಯೂಟರ್ ಎಲ್ಲ ಒರೆಸಿ ಕುಂಕುಮ ಹಚ್ಚುತ್ತೀರಿ. ಆ ಸಣ್ಣ ಸಾಧನವನ್ನೂ ಹೊರಗೆ ತೆಗೆದು, ಕಾಯಿನ್ ಒಂದು ಸಲ ಕದಲಿಸಿ, ಪತ್ರ ಇದೆಯಾ ನೋಡಿ ಮತ್ತೆ ಒಳಗಿಡಿ. ಆದರೆ ಅಧಿಕ ಮಾಸ ಬಂದ ವರ್ಷ ಹಬ್ಬ 365 ದಿನಕ್ಕೆ ಬರಲ್ಲ, ಸುಮಾರು 384 ದಿನಕ್ಕೆ ಬರುತ್ತದೆ. 52,560 ಬ್ಲಾಕ್ ಇಟ್ಟರೆ ಹಬ್ಬಕ್ಕೆ ಸುಮಾರು 19 ದಿನ ಮುಂಚೆಯೇ ಹಿಂಬಾಗಿಲು ತೆರೆದಿರುತ್ತದೆ. 65,535 ಇಡಿ.